ಮೊಟ್ಟೆಗೂ ಮಾಂಸಕ್ಕೂ ಒಂದೇ ಕೋಳಿ ತಳಿಯೋ, ಬೇರೆ ಬೇರೆಯೋ?

ಆಯ್ಕೆ ಎರಡು: ರೋಡ್ ಐಲ್ಯಾಂಡ್ ರೆಡ್, ಪ್ಲಿಮತ್ ರಾಕ್‌ನಂಥ ಎರಡಕ್ಕೂ ಒದಗುವ ‘ಉಭಯ ತಳಿ’, ಇಲ್ಲವೇ ಮೊಟ್ಟೆಗೆ ಲೇಯರ್, ಮಾಂಸಕ್ಕೆ ಬ್ರಾಯ್ಲರ್.

ಮೊಟ್ಟೆಯಲ್ಲಿ ಹೈಬ್ರಿಡ್ ಲೇಯರ್ ಮುಂದೆ, ವರ್ಷಕ್ಕೆ 300ರ ಆಸುಪಾಸು. ಉಭಯ ತಳಿಯ ಹೇಂಟೆ 200–250 ಇಟ್ಟರೆ ಚೆನ್ನಾಗಿಯೇ ಇಟ್ಟಂತೆ.

ಮಾಂಸದಲ್ಲಿ ಅಂತರ ಇನ್ನೂ ದೊಡ್ಡದು. ಬ್ರಾಯ್ಲರ್ 6–8 ವಾರಕ್ಕೇ ಕೊಯ್ಲಿಗೆ ಬರುತ್ತದೆ. ಉಭಯ ತಳಿಯ ಹುಂಜಕ್ಕೆ 16–20 ವಾರ ಬೇಕು. ಅಷ್ಟು ದಿನ ಆಹಾರ ತಿಂದರೂ ಎದೆಮಾಂಸ ತೆಳುವೇ. ಆದರೆ ಬ್ರಾಯ್ಲರನ್ನು ‘ಇನ್ನಷ್ಟು ಬೆಳೆಯಲಿ’ ಎಂದು ಬಿಟ್ಟಿರೋ, ಮೈಭಾರಕ್ಕೆ ಕಾಲು ಸೋಲುತ್ತದೆ, ಹೃದಯ ನಿಂತು ಸಾಯುವುದೂ ಉಂಟು. ಕೊಯ್ಯುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಬೇರೆ ಬೇರೆ ಸಾಕಿದರೆ ಗೂಡೂ ಎರಡು, ಆಹಾರವೂ ಎರಡು. ಲೇಯರ್ ಆಹಾರದಲ್ಲಿ ಕ್ಯಾಲ್ಸಿಯಂ ಸುಮಾರು 4%. ಮರಿಗಳಿಗೆ ಅದನ್ನೇ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಉಭಯ ತಳಿಯ ಮಿಶ್ರ ಹಿಂಡಿಗೆ ಗ್ರೋವರ್ ಆಹಾರ (ಬೆಳೆಯುವ ಕೋಳಿಗಳಿಗೆಂದೇ ಇರುವುದು) ಹಾಕಿ, ಕ್ಯಾಲ್ಸಿಯಂಗಾಗಿ ಪುಡಿಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿಟ್ಟರೆ ಸಾಕು. ಬೇಕಾದ ಹೇಂಟೆ ತಾನೇ ತಿನ್ನುತ್ತದೆ.

ಜಾಗ ಕಡಿಮೆ, ಮರಿಯನ್ನೂ ಮನೆಯಲ್ಲೇ ಮಾಡಿಸಬೇಕು ಎನ್ನುವವರಿಗೆ ಉಭಯ ತಳಿ ಸರಿ. ಮರಿಗಳಲ್ಲಿ ಅರ್ಧದಷ್ಟು ಹುಂಜಗಳೇ, ಅವೇ ಮಾಂಸಕ್ಕೆ. ದಿನವೂ ಮೊಟ್ಟೆ ಬೇಕು, ಮಾಂಸವನ್ನು ಒಮ್ಮೆಲೇ ಫ್ರೀಜರಿಗೆ ತುಂಬಿಡಬಲ್ಲೆವು ಎನ್ನುವವರಿಗೆ ಬೇರೆ ಬೇರೆಯೇ ಲೇಸು. ಆದರೆ ಪ್ರತಿ ಸಲವೂ ಮರಿ ಕೊಳ್ಳಬೇಕು: ಹೈಬ್ರಿಡ್‌ನ ಮರಿಗೆ ತಾಯಿಯ ಗುಣ ಹಾಗೇ ಬರುವುದಿಲ್ಲ.