ವ್ಯಾನಿನಲ್ಲೇ ವಾಸ: ಕಲಬುರಗಿಯೋ, ಬೀದರೋ?

ವ್ಯಾನನ್ನೇ ಮನೆ ಮಾಡಿಕೊಂಡು ಒಂದೆರಡು ತಿಂಗಳು ನಮ್ಮ ಕಡೆ ಇರಬೇಕು ಅಂದುಕೊಂಡಿದ್ದೀರಾ? ಮೊದಲು ಬಿಸಿಲು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿ ಹಗಲೆಲ್ಲ ಕಾದು, ರಾತ್ರಿ ಮಲಗಿದರೂ ಒಳಗೆ ಉರಿ. ಬೇವಿನ ಮರದ ನೆರಳು ಸಿಗದಿದ್ದರೆ ಮಧ್ಯಾಹ್ನ ಒಳಗೆ ಕೂರಲೇಬೇಡಿ. ಬೀದರ್ ಎತ್ತರದಲ್ಲಿದೆ. ಅಲ್ಲೂ ಬಿಸಿಲು ಇದೆ, ಆದರೆ ರಾತ್ರಿ ಕಿಟಕಿ ತೆರೆದರೆ ಸ್ವಲ್ಪ ಗಾಳಿ ಆಡುತ್ತದೆ.

ಮಳೆಗಾಲದಲ್ಲಿ ನೆಲವೇ ನಿಮ್ಮ ಯೋಗಕ್ಷೇಮ ನಿರ್ಧರಿಸುತ್ತದೆ. ಕಲಬುರಗಿ ಸುತ್ತಲಿನದು ಕಪ್ಪು ಎರೆಮಣ್ಣು. ಒಂದು ಜೋರು ಮಳೆಗೆ ಅಂಟಂಟಾಗಿ ಚಕ್ರ ಹೂತುಹೋಗುತ್ತದೆ, ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಡಾಂಬರು ಬಿಟ್ಟು ಇಳಿಯಬೇಡಿ. ಬೀದರ್ ಊರು ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ನೀರು ಬೇಗ ಇಂಗುತ್ತದೆ.

ಊಟಕ್ಕೆ ಎರಡೂ ಕಡೆ ಖಾನಾವಳಿ, ಜೋಳದ ರೊಟ್ಟಿ ಇದ್ದೇ ಇದೆ. ಬೀದರಿನ ನಾನಕ್ ಝೀರಾ ಗುರುದ್ವಾರದ ಉಚಿತ ಊಟವಾದ ಲಂಗರ್‌ನಲ್ಲಿ ಯಾರು ಬೇಕಾದರೂ ಉಣ್ಣಬಹುದು. ಕೈಲಾದಷ್ಟು ಸೇವೆ ಮಾಡಿ ಬನ್ನಿ.

ಗ್ಯಾರೇಜು, ಬಿಡಿಭಾಗಕ್ಕೆ ಮಾತ್ರ ಕಲಬುರಗಿಯೇ ವಾಸಿ. ದೊಡ್ಡ ಊರು ಅಲ್ವಾ. ನನ್ನನ್ನು ಕೇಳಿದರೆ, ಬೇಸಿಗೆ ಮತ್ತು ಮಳೆಗೆ ಬೀದರ್. ಡಿಸೆಂಬರಿನಲ್ಲಿ ಬೀದರಿನ ಚಳಿ ಜಾಸ್ತಿ, ಆಗ ಕಲಬುರಗಿಗೆ ಇಳಿಯಿರಿ. 20 ಲೀಟರಿನ ಎರಡು ನೀರಿನ ಕ್ಯಾನು ಸದಾ ತುಂಬಿರಲಿ.