ಹೆಸರೇ ಕೇಳದ ಲೇಖಕರನ್ನು ಹುಡುಕಿಕೊಟ್ಟ ಸ್ಟೋರಿಗ್ರಾಫ್

ಹೊಸದೇನಾದರೂ ಓದೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಎಲ್ಲಿ ನೋಡಿದರೂ ಅದೇ ಹತ್ತು ಹದಿನೈದು ಹೆಸರುಗಳು, ಅಲ್ವಾ? ಜಾಸ್ತಿ ಮಾರಾಟವಾದದ್ದು ಮೇಲೆ ಬರುತ್ತದೆ, ಮೇಲೆ ಬಂದದ್ದು ಇನ್ನೂ ಜಾಸ್ತಿ ಮಾರಾಟವಾಗುತ್ತದೆ. ಮೊದಲ ಪುಸ್ತಕ ಬರೆದವರು ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಇದರಿಂದ ಬೇಸತ್ತು ಸ್ಟೋರಿಗ್ರಾಫ್‌ಗೆ ಬಂದವಳು ನಾನು. ಪುಸ್ತಕ ಹುಡುಕಲು, ಓದಿದ್ದನ್ನು ದಾಖಲಿಸಲು ಇರುವ ಆನ್‌ಲೈನ್ ತಾಣ ಇದು. ನಾಡಿಯಾ ಒಡುನಾಯೊ ಎಂಬ ಪ್ರೋಗ್ರಾಮರ್ 2019ರಲ್ಲಿ ಶುರು ಮಾಡಿದ್ದು. ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಲಸ್ ಪ್ಲಾನ್ ಕೂಡ ಇದೆ, ಆದರೆ ಪುಸ್ತಕ ಹುಡುಕಲು ಉಚಿತ ಖಾತೆಯೇ ಸಾಕು.

ಇಲ್ಲಿ ಲೇಖಕರ ಹೆಸರು ಗೊತ್ತಿರಬೇಕಾಗಿಲ್ಲ. ಫಿಕ್ಷನ್ ಬೇಕೋ ನಾನ್‌ಫಿಕ್ಷನ್ ಬೇಕೋ, ಓಟ ನಿಧಾನವಿರಬೇಕೋ ಚುರುಕಾಗಿರಬೇಕೋ, ನಗಿಸಬೇಕೋ ಯೋಚನೆಗೆ ಹಚ್ಚಬೇಕೋ, 300 ಪುಟದೊಳಗೆ ಮುಗಿಯಬೇಕೋ 500 ದಾಟಿದರೂ ಪರವಾಗಿಲ್ಲವೋ, ಇಷ್ಟನ್ನು ಆರಿಸಿದರೆ ಪಟ್ಟಿ ಬರುತ್ತದೆ. ಮೊನ್ನೆ ರಾತ್ರಿ ನಿದ್ದೆ ಬರದೆ, ನಿಧಾನವಾದ, ಚಿಕ್ಕ ನಾನ್‌ಫಿಕ್ಷನ್ ಆರಿಸಿ ಪಟ್ಟಿಯಲ್ಲಿ ಸುಮ್ನೆ ಕೆಳಗೆ ಹೋಗುತ್ತಾ ಇದ್ದೆ. ತುಂಬಾ ಕೆಳಗೆ ಒಂದು ಸಿಕ್ಕಿತು, ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪನ ಬಗ್ಗೆ ಮಗಳು ಬರೆದದ್ದು. ವಿಮರ್ಶೆ ಬರೆದಿದ್ದವರು ಬರೀ ಒಂಬತ್ತು ಜನ. ಅಪ್ಪ ಉಸಿರು ಬಿಗಿಹಿಡಿದು ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಎತ್ತುತ್ತಾನೆ, ಬಾಗಿಲಲ್ಲಿ ನಿಂತ ಮಗುವೂ ಉಸಿರಾಡುವುದಿಲ್ಲ. ಆ ಪುಟ ಮುಗಿಯುವವರೆಗೆ ನಾನೂ ಉಸಿರಾಡಲಿಲ್ಲ!

ಒಂದು ವಿಷಯ ತಿಳಿದಿರಲಿ. ನಿಧಾನ, ಚುರುಕು, ದುಃಖ, ತಮಾಷೆ ಅನ್ನುವ ಗುರುತುಗಳನ್ನು ಹಾಕುವವರು ಓದುಗರೇ. ಇಬ್ಬರೇ ಓದಿದ ಪುಸ್ತಕಕ್ಕೆ ಅಂಥ ಗುರುತು ಇಲ್ಲದೆಯೂ ಇರಬಹುದು, ಆಗ ಅದು ಈ ಹುಡುಕಾಟದಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಇನ್ನೊಂದು ದಾರಿ ಹಿಡಿಯುತ್ತೇನೆ. ಇಷ್ಟವಾದ ಪುಸ್ತಕಕ್ಕೆ ಯಾರು ಚೆನ್ನಾಗಿ ವಿಮರ್ಶೆ ಬರೆದಿದ್ದಾರೆ ನೋಡಿ, ಅವರು ಇನ್ನೇನು ಓದಿದ್ದಾರೆ ಅಂತ ಅವರ ಪುಟಕ್ಕೆ ಹೋಗುತ್ತೇನೆ. ರುಚಿ ಕೂಡುವ ಇಬ್ಬರು ಮೂವರು ಸಿಕ್ಕರೆ ಸಾಕು, ವರ್ಷಕ್ಕಾಗುವಷ್ಟು ಪುಸ್ತಕ ಅಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಯಾವ ಶಿಫಾರಸಿಗಿಂತಲೂ ಇದೇ ಮೇಲು. ನೀವು ಓದಿದ ಪುಸ್ತಕ ಅಲ್ಲಿ ಇಲ್ಲದಿದ್ದರೆ ನೀವೇ ಸೇರಿಸಬಹುದು, ದಯವಿಟ್ಟು ಸೇರಿಸಿ.

ಓದಿ ಮುಗಿಸಿದ ಮೇಲೆ ವಿಮರ್ಶೆಯ ಫಾರ್ಮ್ ತುಂಬಲು ಸೋಮಾರಿತನ ಮಾಡಬೇಡಿ. ಹೆಸರಾದ ಲೇಖಕರಿಗೆ ನಿಮ್ಮ ಒಂದು ವಿಮರ್ಶೆ ಇದ್ದರೂ ಇಲ್ಲದಿದ್ದರೂ ಅಷ್ಟೇ, ಆದರೆ ಒಂಬತ್ತು ಜನ ಓದಿದ ಪುಸ್ತಕಕ್ಕೆ ಅದು ದೊಡ್ಡದು. ನಕ್ಷತ್ರವನ್ನು ಕಾಲು ಕಾಲಾಗಿಯೂ ಕೊಡಬಹುದು, ಹಾಗಾಗಿ ಮೂರೋ ನಾಲ್ಕೋ ಅಂತ ಒದ್ದಾಡಬೇಕಾಗಿಲ್ಲ.

ಗಡಿಯಾರದ ಪುಸ್ತಕಕ್ಕೆ ಹತ್ತನೆಯ ವಿಮರ್ಶೆ ನನ್ನದು. 4.75 ಕೊಟ್ಟೆ. ಕೊನೆಯ ಅಧ್ಯಾಯದಲ್ಲಿ ಅಂಗಡಿ ಮುಚ್ಚುವುದನ್ನು ಎರಡೇ ಪುಟದಲ್ಲಿ ಮುಗಿಸಿಬಿಟ್ಟಿದ್ದಾರೆ, ಅದಕ್ಕೆ ಆ ಕಾಲು ಕಡಿಮೆ.