ವಾಕೋಲಾದ ಮಾಸ್ಟರ್‌ಜಿ, ವರ್ಲಿಯ ಅಯ್ಯನ್ ಮಣಿ

ಎರಡು ವಿಡಂಬನೆ ಕಾದಂಬರಿಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಓಟು ಅರವಿಂದ ಅಡಿಗರ ‘ಲಾಸ್ಟ್ ಮ್ಯಾನ್ ಇನ್ ಟವರ್’ (2011) ಕಾದಂಬರಿಗೆ. ಅದಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೇನೆ, ಬೇಸರವಿಲ್ಲ. ಅದರ ಜೊತೆಗೇ ಓದಿದ್ದು ಮನು ಜೋಸೆಫರ ‘ಸೀರಿಯಸ್ ಮೆನ್’ (2010). ಎರಡೂ ಮುಂಬಯಿಯ ಕಥೆಗಳು, ಎರಡರ ನಗುವಿನಲ್ಲೂ ವಿಷವಿದೆ.

ಅಡಿಗರ ಪುಸ್ತಕವನ್ನು ಮೊದಲು ಫುಟ್‌ಪಾತಿನಲ್ಲಿ 150 ರೂಪಾಯಿಗೆ ತಂದೆ. ಪ್ಲಾಸ್ಟಿಕ್ ಸುತ್ತಿದ್ದ ನಕಲಿ ಪ್ರತಿ, ಬಿಚ್ಚಿ ನೋಡಲು ಬಿಡಲಿಲ್ಲ. ಅರ್ಧ ದಾಟುವಾಗ ಓದಿದ ಪುಟಗಳೇ ಮತ್ತೆ ಬಂದವು. 32 ಪುಟ ಎರಡು ಸಲ ಸೇರಿತ್ತು, ಮುಂದಿನ 32 ಪುಟ ಮಾಯ. ಬದಲಿಸಿಕೊಳ್ಳಲು ಹೋದರೆ ಇನ್ನೊಂದು ಪ್ರತಿಯಲ್ಲೂ ಅದೇ ಕಥೆ.

ಬೇರೆ ಕಾದಂಬರಿಯಾಗಿದ್ದರೆ ಹೇಗೋ ಸಾಗಿಸಬಹುದಿತ್ತು. ಇಲ್ಲಿ ಆಗಲಿಲ್ಲ. ವಾಕೋಲಾದ ಹಳೆ ಕಟ್ಟಡವೊಂದನ್ನು ಬಿಟ್ಟುಕೊಡಲು ಬಿಲ್ಡರ್ ಕೊಡುವ ಹಣ ಬೇಡವೆಂದು ನಿಂತ ನಿವೃತ್ತ ಮೇಷ್ಟ್ರು ಮಾಸ್ಟರ್‌ಜಿ ಮೇಲೆ ವರ್ಷಗಟ್ಟಲೆ ಗೌರವ ಇಟ್ಟುಕೊಂಡಿದ್ದ ನೆರೆಯವರೇ ತಿರುಗಿಬೀಳುತ್ತಾರೆ. ಅದು ಒಂದೇ ದಿನ ಆಗುವುದಲ್ಲ, ಇಷ್ಟಿಷ್ಟೇ ಆಗುತ್ತದೆ. ನೆರೆಯ ಮಿಸೆಸ್ ಪುರಿಗೆ ಡೌನ್ ಸಿಂಡ್ರೋಮ್ ಇರುವ ಮಗ ರಾಮುವಿನ ಚಿಂತೆ. ಆಕೆಯ ಆಸೆಯಲ್ಲಿ ತಪ್ಪೇನೂ ಕಾಣದು. ನಡುವಿನ ಪುಟಗಳು ಹೋದರೆ ಇವರೆಲ್ಲ ಬರೀ ದುಷ್ಟರಾಗಿ ಉಳಿಯುತ್ತಾರೆ, ವಿಡಂಬನೆ ಸತ್ತೇಹೋಗುತ್ತದೆ. ಪೂರ್ತಿ ಬೆಲೆ ಕೊಟ್ಟು ಅಸಲಿ ಪ್ರತಿ ತಂದು ಮೊದಲಿನಿಂದ ಓದಿದೆ.

ಸಾಲುಸಾಲಿಗೂ ನಗು ಬೇಕೆನ್ನುವವರಿಗೆ ಜೋಸೆಫರೇ ಸರಿ. ವರ್ಲಿಯ ಬಿಡಿಡಿ ಚಾಳಿನ (ಒಂದೊಂದೇ ಕೋಣೆಯ ಮನೆಗಳ ಹಳೆ ವಠಾರ) ದಲಿತ ಅಯ್ಯನ್ ಮಣಿ ವಿಜ್ಞಾನ ಸಂಸ್ಥೆಯೊಂದರಲ್ಲಿ ಸಹಾಯಕ. ಬ್ರಾಹ್ಮಣರನ್ನು ಚುಚ್ಚುವ ಮಾತುಗಳನ್ನು ತಾನೇ ಹೊಸೆದು, ದೊಡ್ಡವರ ಹೆಸರು ಹಾಕಿ, ‘ದಿನಕ್ಕೊಂದು ಸುಭಾಷಿತ’ ಎಂದು ಬೋರ್ಡಿನ ಮೇಲೆ ಬರೆಯುತ್ತಾನೆ. ಆ ಜಾಗಗಳಲ್ಲಿ ಲೋಕಲ್ ರೈಲಿನಲ್ಲೇ ಜೋರಾಗಿ ನಕ್ಕಿದ್ದೇನೆ. ವಿಜ್ಞಾನಿಗಳ ಜಗಳದ ಭಾಗ ಮಾತ್ರ ನನಗೆ ಎಳೆದಂತಾಯಿತು.

ನಿಂತೇ ಪ್ರಯಾಣ ಮಾಡುವವರು ‘ಸೀರಿಯಸ್ ಮೆನ್’ ಹಿಡಿಯಲಿ, ಪುಸ್ತಕ ತೆಳ್ಳಗಿದೆ. ಠಾಣೆಯಿಂದಲೇ ಹೊರಡುವ ಲೋಕಲ್ ಹಿಡಿಯುವ ನನಗೆ ಸೀಟು ಸಿಗುತ್ತದೆ, ದಪ್ಪ ಪುಸ್ತಕವೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸೊಸೈಟಿಯಲ್ಲೂ ಈಗ ರೀಡೆವಲಪ್‌ಮೆಂಟ್, ಅಂದರೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆಯುತ್ತಿದೆ. ಮೊದಲನೇ ಮಹಡಿಯ ಅಜ್ಜ ಒಬ್ಬರೇ ಸಹಿ ಹಾಕಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಅವರನ್ನು ಹಂಗಿಸಿ ಬಂದ ಮೆಸೇಜಿಗೆ ನಾನೂ ಹೆಬ್ಬೆರಳು ಒತ್ತಿದ್ದೆ. ಅಡಿಗರ ಪುಸ್ತಕ ಮುಗಿದ ರಾತ್ರಿ ಆ ಹೆಬ್ಬೆರಳನ್ನು ಹುಡುಕಿ ತೆಗೆದೆ.